ಕಡಜದ ಹೊಟ್ಟೆಯೊಳಗಿನ ಬಿಟ್ಟಿ ಅತಿಥಿ

ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ: ಕಂಡದ್ದಕ್ಕೆಲ್ಲ ಹೆಸರು ಹೇಳುವ ಚಪಲ. ಗೋಡೆಯ ಮೇಲೆ ಹರಿಯುವುದಿರಲಿ, ಸಾರಿನಲ್ಲಿ ತೇಲುವುದಿರಲಿ, ಸುಮ್ಮನೆ ಬಿಡಲಾರೆ. ಹೀಗಾಗಿ ದಸರಾ ಹತ್ತಿರವಾದಾಗ, ಕೆಸರೆಯ ನಮ್ಮ ಮನೆಯಲ್ಲಿ ಗೊಂಬೆಪೆಟ್ಟಿಗೆ ಇಟ್ಟಿರುವ ಕೋಣೆಯ ಕಿಟಕಿಗೆ ಕಡಜದ ಗೂಡು ನೇತಾಡುವುದನ್ನು ಕಂಡು ನನ್ನ ಹೆಂಡತಿ ರತ್ನ ಕಿರುಚಿದರೆ, ನಾನು ಭೂತಗನ್ನಡಿ ಹುಡುಕಿದೆ.

"ತೆಗೆಸ್ಬುಡಿ ಅಂದ್ರೆ ಅದರ ಜಾತಕ ಬರೀತಾ ಕೂತ್ರಲ್ರೀ! ಗೊಂಬೆ ಕೂರಿಸೋದು ಬೇಡ್ವಾ?" ಎಂದಳು. "ಇದು ಮಣ್ಣಿನ ಗೂಡಲ್ಲ ಕಣೇ, ಕಾಗದದ್ದು. ಮರದ ನಾರು ಅಗಿದು ಕಟ್ಟಿರೋದು. ನಾಲ್ಕು ದಿನ ತಡ್ಕೊ" ಎಂದೆ. ಕಾರಣವಿತ್ತು. ಎಲ್ಲ ಕಡಜಗಳೂ ದುಡಿಯುತ್ತಿರುವಾಗ ಒಂದು ಮಾತ್ರ ಅಂಚಿನಲ್ಲಿ ಸುಮ್ಮನೆ ಕೂತಿತ್ತು. ಅದರ ಹೊಟ್ಟೆಯ ಪಟ್ಟಿಗಳ ಸಂದಿಯಿಂದ ಎಳ್ಳಿನಷ್ಟು ಕಂದು ಗಂಟು ಇಣುಕುತ್ತಿತ್ತು. ಪರೋಪಜೀವಿ! ಕಡಜದ ಹೊಟ್ಟೆಯಲ್ಲೇ ಉಂಡು ಬೆಳೆದು, ರೆಕ್ಕೆ ಬಂದಮೇಲೆ ಹಾರಿಹೋಗುವ ಹುಳ. ಅದು ಹೊರಬರುವುದನ್ನು ಕಣ್ಣಾರೆ ಕಾಣಬೇಕೆಂಬುದು ನನ್ನ ಕಾಲೇಜು ದಿನಗಳ ಆಸೆ.

ಮೊದಲು ಅದನ್ನು ತೋರಿಸಿದವರು ನಮ್ಮ ಮೇಷ್ಟ್ರು, ಚಾಮುಂಡಿ ಬೆಟ್ಟದ ಮೆಟ್ಟಿಲ ಪಕ್ಕದ ಪೊದೆಯಲ್ಲಿ. "ಸೋಮಾರಿ ಹುಳ ಕಂಡ್ರೆ ಬೈಬೇಡ್ರೋ, ಹೊಟ್ಟೆ ನೋಡ್ರೋ" ಎನ್ನುತ್ತಿದ್ದರು. ನಾನಾಗ ಹಿನಕಲ್‌ನಿಂದ ಬರಿಹೊಟ್ಟೆಯಲ್ಲಿ ನಡೆದು ಬಂದು, ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುತ್ತಿದ್ದೆ. ಬೇರೆ ಮೇಷ್ಟ್ರುಗಳು ಹೊರಗೆ ನಿಲ್ಲಿಸಿದರು. ಇವರು ಮಾತ್ರ "ಏನ್ ತಿಂದ್ಕೊಂಡ್ ಬಂದ್ಯೋ?" ಎಂದು ಕೇಳಿ ತಮ್ಮ ಡಬ್ಬಿಯ ಚಿತ್ರಾನ್ನ ಮುಂದಿಟ್ಟರು. ಈಗ ಅವರಿಲ್ಲ. ಆ ಒಗ್ಗರಣೆಯ ಘಮ ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ.

ನಾಲ್ಕು ದಿನ ಎಂಟಾಯಿತು. ನಾನು ಕಿಟಕಿಯ ಮುಂದಿನ ಕುರ್ಚಿ ಬಿಟ್ಟು ಏಳಲಿಲ್ಲ. ಕಾಫಿ, ತಿಂಡಿ, ಊಟ ಎಲ್ಲ ಅಲ್ಲಿಗೇ ಬಂತು. ಕಾದು ಕಾದು ಸಾಕಾಗಿ ರತ್ನ ಒಬ್ಬಳೇ ಪೆಟ್ಟಿಗೆಯನ್ನು ಹಜಾರಕ್ಕೆ ಎಳೆದುಕೊಂಡು ಹೋದಳು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ನನಗೊಂದು ಜೋಂಪು ಹತ್ತಿತು. ಎಚ್ಚರವಾಗಿ ನೋಡಿದರೆ ಕಡಜದ ಹೊಟ್ಟೆಯಲ್ಲಿ ಗಂಟಿದ್ದ ಕಡೆ ಬರೀ ತೂತು. ಅಯ್ಯೋ, ಹಾರಿಹೋಗಿತ್ತು! ಸಂಕಟ ತಡೆಯಲಾರದೆ "ರತ್ನಾ, ಒಂದು ಲೋಟ ಕಾಫಿ!" ಎಂದು ಕೂಗಿದೆ. ಕಾಫಿ ಬರಲಿಲ್ಲ. ಎದ್ದು ಹೋಗಿ ನೋಡಿದೆ. ಅರ್ಧ ಜೋಡಿಸಿದ ಗೊಂಬೆಗಳ ಮುಂದೆ, ಸೊಂಟ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು.

"ಯಾಕೆ, ಹುಷಾರಿಲ್ವಾ?"

"ಏನಿಲ್ಲ ಬುಡಿ, ಸುಸ್ತು."

ಈ ಸಲವೂ ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಪರೋಪಜೀವಿ ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟಿತು.