ಮಳೆಯೂರಿನಲ್ಲಿ ಬಿಸಿಲೂರಿನ ಮನೆ

ಬಿಸಿಲೂರಿನ ಮನೆಗಳನ್ನು ಮಳೆಯೂರಿನಲ್ಲಿ ಕಟ್ಟಲು ಹೊರಟ ಮೇಲೆ ಇಂಥ ಫಜೀತಿಗಳು ಆಗದೆ ಇರುತ್ತವೆಯೇ? ನಾನು ವಿಜಯಪುರದವನು. ಚಪ್ಪಟೆ ಮಾಳಿಗೆ, ದಪ್ಪ ಗೋಡೆ, ಮಣ್ಣಿನ ಬಣ್ಣ, ನಡುವೆ ಅಂಗಳ. ಆಕ್ಲೆಂಡಿನಲ್ಲಿ ನನ್ನನ್ನು ‘ಡೆಸರ್ಟ್ ಆರ್ಕಿಟೆಕ್ಟ್’ ಎಂದೇ ಕರೆಯುತ್ತಿದ್ದರು. ಹೆಸರು ಚೆನ್ನಾಗಿತ್ತು, ಮರಳುಗಾಡು ಮಾತ್ರ ಎಲ್ಲೂ ಇರಲಿಲ್ಲ.

೧. ಬೆಚ್ಚನೆಯ ಉಗ್ರಾಣ

ಮೊದಲ ಮನೆ ಏವನ್‌ಡೇಲ್ ಬಡಾವಣೆಯಲ್ಲಿ, ಬೆಂಗಳೂರಿನ ಡಾಕ್ಟರೊಬ್ಬರದು. ನಮ್ಮ ಕಡೆ ಉತ್ತರ ದಿಕ್ಕು ತಂಪು. ಕಣ್ಣು ಮುಚ್ಚಿಕೊಂಡು ಉಗ್ರಾಣವನ್ನು ಅಲ್ಲಿಟ್ಟೆ, ಗಾಳಿಗೆಂದು ದೊಡ್ಡ ಕಿಟಕಿ ಬೇರೆ. ಈ ದೇಶದಲ್ಲಿ ಸೂರ್ಯ ಉತ್ತರಕ್ಕೇ ವಾಲಿಕೊಂಡು ಹೋಗುತ್ತಾನೆಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹಾಲ್‌ನಲ್ಲಿ ನಡುಗಿಸುವ ಚಳಿ, ಉಗ್ರಾಣದಲ್ಲಿ ತುಪ್ಪ ಕರಗಿ ನೀರು. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದೆ. ಡಾಕ್ಟರು ಅಕ್ಕಿ ಮೂಟೆ ತೋರಿಸಿ, “ಕೂತ್ಕೊಳ್ಳಿ ಸಾರ್, ಚಳಿಗಾಲದಲ್ಲಿ ಗೆಸ್ಟ್‌ಗಳನ್ನೆಲ್ಲ ಇಲ್ಲೇ ಕೂರಿಸೋದು” ಎಂದರು.

೨. ಮಾಳಿಗೆಯ ಸಂಡಿಗೆ

ಅದೇ ಡಾಕ್ಟರ ಹೆಂಡತಿಗೆ ಮಾಳಿಗೆ ಸಿಕ್ಕಿದ್ದೇ ಸಂಭ್ರಮ. ಸಂಡಿಗೆ ಇಟ್ಟರು. ಬಿಸಿಲು ಬಂದರೆ ಓಡಿ ಹರಡುವುದು, ಮೋಡ ಬಂದರೆ ಓಡಿ ಎತ್ತುವುದು. ಹೇಗಿದೆ ಮನೆ ಎಂದು ಕೇಳಿದೆ. “ತುಂಬಾ ಥ್ಯಾಂಕ್ಸ್ ಸಾರ್,” ಎಂದರು ಡಾಕ್ಟರು. “ಇವಳ ಹಳೇ ಬಟ್ಟೆಗಳೆಲ್ಲ ಮತ್ತೆ ಫಿಟ್ ಆಗ್ತಿವೆ. ಸಂಡಿಗೆ ಮಾತ್ರ ಇನ್ನೂ ಒಣಗಿಲ್ಲ.”

೩. ಒದ್ದೆ ಗೋಡೆ

ಆಮೇಲೆ ನಗಲಾರದ ಕಾಲ ಬಂತು. ಗೋಡೆಗೆ ಗಿಲಾವು ಮೆತ್ತಿದ ಹೊಸ ಮನೆಗಳು ಸೋರುತ್ತಿವೆಯೆಂದು ಟೀವಿ, ಪೇಪರ್ ತುಂಬ ಸುದ್ದಿ. ಮಾಳಿಗೆ ಮನೆ ಎಂದರೆ ಜನ ಹಾವು ಕಂಡಂತೆ ಬೆಚ್ಚುತ್ತಿದ್ದರು. ಪುಕೆಕೊಹೆ ಎಂಬ ಊರಿನಲ್ಲಿ ಬಾಗಲಕೋಟೆಯ ನರ್ಸ್ ಒಬ್ಬರಿಗೆ ಆಗಷ್ಟೇ ಒಂದು ಕಟ್ಟಿದ್ದೆ. ಅದು ನಗರಸಭೆಯ ತಪಾಸಣೆಯಲ್ಲಿ ಪಾಸಾಗದಿದ್ದರೆ ನನ್ನ ಕಸುಬು ಅಲ್ಲಿಗೆ ಮುಗಿದಂತೆ.

ವಾರವಿಡೀ ಮಳೆ. ಇನ್‌ಸ್ಪೆಕ್ಟರ್ ಬಂದು ಎಲ್ಲೆಡೆ ತೇವ ಅಳೆಯುವ ಮೀಟರ್ ಒತ್ತಿದರು. ಮಾಳಿಗೆ ಒಣ, ಮೂಲೆಗಳು ಒಣ. ಹಾಲ್‌ನ ಗೋಡೆ ಮುಟ್ಟಿದ್ದೇ ಮೀಟರ್ ಕಿರುಚಿತು. ಸೊಂಟದೆತ್ತರದವರೆಗೂ ಒದ್ದೆ!

“ಎಲ್ಲಿಂದ ಸೋರ್ತಿದೆ?” ಎಂದರು ಇನ್‌ಸ್ಪೆಕ್ಟರ್.

ಅಷ್ಟರಲ್ಲಿ ಊರಿಂದ ಬಂದಿದ್ದ ನರ್ಸಮ್ಮನ ತಾಯಿ ಬಕೆಟ್ ಹಿಡಿದು ಬಂದವರೇ ಚೊಂಬಿನಿಂದ ಗೋಡೆಗೆ ರಪ್ಪನೆ ನೀರು ಎರಚಿದರು.

“ಏನ್ ಮಾಡಾಕತ್ತೀರಿ ಅಮ್ಮಾ?” ಎಂದು ಚೀರಿದೆ.

“ಹೊಸಾ ಗಿಲಾವ್ ಐತಿ, ನೀರ್ ಕುಡಸ್ಬೇಕಿಲ್ಲೋ? ಇಲ್ಲಿ ಯಾರೂ ಹೊಡ್ಯಾಂಗಿಲ್ಲ, ಅದಕ್ಕ ದಿನಾ ನಾನೇ ಹೊಡ್ಯಾಕತ್ತೀನಿ. ಮನಿ ಕಟ್ಟಾಂವ ಅಂತೀ, ಇಷ್ಟೂ ತಿಳೀದೇನು?”

ದೇವರೇ, ಬದುಕಿದೆ! ನಮ್ಮ ಕಡೆ ಹೊಸ ಗೋಡೆಗೆ ನೀರುಣಿಸುವ ಪದ್ಧತಿಯನ್ನು ಇನ್‌ಸ್ಪೆಕ್ಟರಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಒದ್ದೆಯಾದ ಬೂಟು ಒರೆಸಿಕೊಳ್ಳುತ್ತ ಮೀಟರನ್ನು ಜೇಬಿಗಿಳಿಸಿದರು.

“ಮನೆ ಪಾಸ್. ಲೀಕ್ ಸಿಕ್ಕಿತು,” ಎಂದರು. “ಅದಕ್ಕೊಂದು ಕಪ್ ಟೀ ಕೊಟ್ಟು ಕೂರಿಸಿ.”