ಕೈ ಬೀಸಿದರೆ ಬೆಳಕು

"ನೋಡ್ತಾ ಇರಿ! ಇನ್ಮೇಲೆ ಈ ಮನೇಲಿ ಒಂದು ತೊಟ್ಟು ಕರೆಂಟೂ ದಂಡವಾಗಿ ಸೋರಲ್ಲ. ಸೋರಿದ್ರೆ ನನ್ನನ್ನ ಕೇಳಿ!"

ಊಟದ ಮೇಜಿನ ಮುಂದೆ ಎದ್ದು ನಿಂತು ಹೀಗೆ ಘೋಷಿಸುವಾಗ ನನ್ನ ಕೈಯಲ್ಲಿ ಆ ತಿಂಗಳ ಕರೆಂಟು ಬಿಲ್ಲಿತ್ತು. ಹಿಂದಿನ ಕಾಲದ ವೀರರು ಬಿಲ್ಲು ಹಿಡಿದರೆ ಶತ್ರುಗಳು ನಡುಗುತ್ತಿದ್ದರಂತೆ. ನಾನು ಬಿಲ್ಲು ಹಿಡಿದರೆ ನಡುಗುವವನು ನಾನೊಬ್ಬನೇ!

ಸಭೆಯಲ್ಲಿ ಇದ್ದವರು ಮೂವರು. ನನ್ನ ಹೆಂಡತಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಅವಳ ತಂದೆ, ಅಂದರೆ ನನ್ನ ಮಾವ, ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿ, ಅಂಗಡಿ ಮುಚ್ಚಿದ ಮೇಲೂ ಚಟ ಬಿಡಲಾರದೆ ಅದೇ ಕೋಣೆಯ ಕಿಟಕಿ ಪಕ್ಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವವರು. ಮತ್ತೆ ಮಗಳು, ಹೈಸ್ಕೂಲು ಹುಡುಗಿ, ಮಾತಿನಲ್ಲಿ ಪೂರ್ತಿ ತಾಯಿಯ ಕಡೆ.

"ಹೋದ ವರ್ಷ ಗ್ಯಾಸ್ ಉಳಿಸ್ತೀನಿ ಅಂತ ಹೀಗೇ ಎದ್ದು ನಿಂತಿದ್ರಿ," ಎಂದಳು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ. "ಅರೆಬೆಂದಿದ್ದು ತಿಂದು ಎಲ್ಲರ ಹೊಟ್ಟೆ ಕೆಟ್ಟಿತ್ತು."

"ಅದು ಪ್ರಯೋಗ. ಇದು ವಿಜ್ಞಾನ!"

ವಿಜ್ಞಾನ ನನಗೆ ದೊರೆತದ್ದು ಆಫೀಸಿನ ಶೌಚಾಲಯದಲ್ಲಿ. ಅಲ್ಲಿ ಹೊಸದಾಗಿ ಸೆನ್ಸರ್ ದೀಪ ಹಾಕಿದ್ದರು. ಒಳಗೆ ಹೋದರೆ ತಾನೇ ಹತ್ತುತ್ತದೆ, ಯಾರೂ ಅಲುಗಾಡದಿದ್ದರೆ ತಾನೇ ಆರುತ್ತದೆ. ಆಹಾ, ಎಂಥ ಶಿಸ್ತು! ಹೆಂಡತಿಗೆ, ಮಗಳಿಗೆ ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಕಲಿಸಲಾರದ್ದನ್ನು ಈ ಬೆಂಕಿಪೊಟ್ಟಣದಷ್ಟು ಡಬ್ಬಿ ತುಟಿ ಪಿಟಕ್ಕೆನ್ನದೆ ಮಾಡುತ್ತದೆ! ಮುಂದಿನ ರಜೆಯ ದಿನವೇ ಪ್ರತಿ ಕೋಣೆಗೂ ಒಂದೊಂದು ಸೆನ್ಸರ್ ತಂದು ನಾನೇ ಏಣಿ ಹತ್ತಿ ಕೂರಿಸಿದೆ. ಯಾರೂ ಕಳ್ಳದಾರಿ ಹಿಡಿಯಬಾರದೆಂದು ಹಳೆಯ ಸ್ವಿಚ್ಚುಗಳನ್ನೆಲ್ಲ ಕಿತ್ತು ಗುಜರಿಗೆ ಹಾಕಿದೆ. ಹೋಗುತ್ತಾ ಹೋಗುತ್ತಾ, ಕಾಲಿಂಗ್ ಬೆಲ್ಲಿನ ಕೆಂಪು ಚುಕ್ಕಿ ಹಗಲೂ ರಾತ್ರಿ ಉರಿಯುತ್ತದಲ್ಲ ಎಂದು ಅದರ ತಂತಿಯನ್ನೂ ಬಿಚ್ಚಿಬಿಟ್ಟೆ. ಏಣಿಯಿಂದ ಇಳಿಯುವಾಗ ನನಗೆ ನನ್ನ ಮೇಲೆ ಎಷ್ಟು ಗೌರವ ಬಂದಿತ್ತೆಂದರೆ, ಕನ್ನಡಿಯಲ್ಲಿ ಕಂಡವನಿಗೆ ನಮಸ್ಕಾರ ಮಾಡುವುದೊಂದು ಬಾಕಿ!

ಆ ಗೌರವ ಸಂಜೆಯವರೆಗೂ ಬಾಳಲಿಲ್ಲ.

ಮಾವನವರು ಯಾರದೋ ಕೈಗಡಿಯಾರದ ಹೊಟ್ಟೆ ಬಿಚ್ಚಿ, ಉಸಿರು ಬಿಗಿ ಹಿಡಿದು, ಎಳ್ಳಿಗಿಂತ ಸಣ್ಣ ಸ್ಕ್ರೂ ಒಂದನ್ನು ಚಿಮಟದಲ್ಲಿ ಎತ್ತಿದ್ದರು. ಆ ಕಸುಬಿನಲ್ಲಿ ಅಲ್ಲಾಡಿದರೆ ಕೆಟ್ಟಂತೆ. ನನ್ನ ಸೆನ್ಸರಿನ ಕೈಕೆಳಗೆ ಅಲ್ಲಾಡದಿದ್ದರೆ ಕೆಟ್ಟಂತೆ! ಫಕ್ಕನೆ ದೀಪ ಆರಿತು.

"ಅಳಿಯಂದ್ರೇ, ಕರೆಂಟ್ ಹೋಯ್ತಾ?"

"ಇಲ್ಲ ಮಾವ, ಉಳಿತಾಯ ಆಗ್ತಿದೆ! ಸ್ವಲ್ಪ ಕೈ ಬೀಸಿ."

ಮಾವ ಕೈ ಬೀಸಿದರು. ದೀಪ ಬಂತು. ಸ್ಕ್ರೂ ಹೋಯಿತು. ನಾವಿಬ್ಬರೂ ಮಂಡಿಯೂರಿ ನೆಲವನ್ನೆಲ್ಲ ಬಳಿದು ಹುಡುಕಿದೆವು. ಕೊನೆಗೆ ಅವರು ನಿಟ್ಟುಸಿರು ಬಿಟ್ಟು, "ಇರ್ಲಿ ಬಿಡಿ, ಆ ಗಡಿಯಾರಕ್ಕೂ ವಯಸ್ಸಾಗಿತ್ತು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪಾ, ಮನೇಲಿ ಸೆನ್ಸರ್ ಬಂತು, ಸೆನ್ಸ್ ಹೋಯ್ತು!" ಎಂದಳು ಮಗಳು.

ಮೂರ್ನಾಲ್ಕು ದಿನಗಳಲ್ಲಿ ಇಡೀ ಕುಟುಂಬಕ್ಕೆ ಕೈ ಬೀಸುವುದು ಅಭ್ಯಾಸವಾಗಿಹೋಯಿತು. ಓದುತ್ತಾ ಕೂತವರು, ಉಣ್ಣುತ್ತಾ ಕೂತವರು, ಸುಮ್ಮನೆ ಕೂತವರು, ಎಲ್ಲರೂ ಗಳಿಗೆಗೊಮ್ಮೆ ಕೈ ಮೇಲೆತ್ತಿ ಆಡಿಸುವುದು, ಇಳಿಸುವುದು. ಅಭ್ಯಾಸ ಮನೆಯ ಹೊಸಿಲು ದಾಟಿ ಹೊರಗೂ ಬಂತು. ಪರೀಕ್ಷೆಯಲ್ಲಿ ಮಗಳು ಯೋಚಿಸುತ್ತಾ ಯೋಚಿಸುತ್ತಾ ಕೈ ಎತ್ತಿದಾಗಲೆಲ್ಲ ಟೀಚರು ಹೆಚ್ಚುವರಿ ಹಾಳೆ ತಂದಿಟ್ಟು ಹೋದರಂತೆ. ಖಾಲಿ ಹಾಳೆಗಳ ಆ ರಾಶಿ ನೋಡಿ ಪಕ್ಕದ ಹುಡುಗಿ ಹೆದರಿ ಅತ್ತೇಬಿಟ್ಟಳಂತೆ. ನನ್ನ ಗತಿಯೇನು ಕೇಳುತ್ತೀರಿ? ಆಫೀಸಿನ ಮೀಟಿಂಗಿನಲ್ಲಿ ಸಾಹೇಬರು, "ರಜೆ ದಿನ ಬಂದು ಗೋಡೌನಿನ ಸ್ಟಾಕ್ ಎಣಿಸೋಕೆ ಯಾರು ತಯಾರಿದ್ದೀರಿ?" ಎಂದು ಕೇಳಿದ್ದೇ ತಡ, ನನ್ನ ಬಲಗೈ ತಾನೇ ತಾನಾಗಿ ಮೇಲೆದ್ದು ತೂಗಾಡಿತು!

"ಭೇಷ್! ಇಂಥ ಹುಮ್ಮಸ್ಸು ಬೇಕು!" ಎಂದರು ಸಾಹೇಬರು. ಸ್ಟಾಕಿನಲ್ಲಿ ಇದ್ದದ್ದು ಮೊಳೆಗಳು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ನಗುತ್ತಲೇ ಹೇಳಿ ಮುಗಿಸುತ್ತಿದ್ದೆ. ಆದರೆ ಆ ವಾರ ಹೆಂಡತಿಗೆ ದೊಡ್ಡ ಗಿರಾಕಿಯೊಬ್ಬಳು ಸಿಕ್ಕಿದ್ದಳು. ವೇದಿಕೆಯ ಮೇಲೆ ಹಾಡುವವಳು. ಹೊಗೆಯಂತೆ ತೆಳ್ಳಗಿನ ನೀಲಿ ಬಟ್ಟೆ ತಂದುಕೊಟ್ಟು, "ಇದು ಚೆನ್ನಾಗಿ ಬಂದ್ರೆ ನಮ್ಮ ತಂಡದವರೆಲ್ಲ ನಿಮ್ಮಲ್ಲೇ ಹೊಲಿಸ್ತೀವಿ" ಎಂದು ಹೇಳಿ ಹೋಗಿದ್ದಳು. ಲಂಗ, ರವಿಕೆಗಳ ತುದಿ ಮಡಚಿ ಮಡಚಿ ಬೇಸತ್ತಿದ್ದ ನನ್ನ ಹೆಂಡತಿ ಆ ಬಟ್ಟೆಯನ್ನು ಹಸುಗೂಸಿನ ಹಾಗೆ ಎತ್ತಿ ಇಡುತ್ತಿದ್ದಳು. ತೋಳು ಕತ್ತರಿಸಲು ಎರಡು ದಿನ ಧೈರ್ಯ ಕೂಡಿಸಿಕೊಂಡಳು. ಕೊನೆಗೆ ಬಟ್ಟೆ ಹರವಿ, ಗುರುತು ಹಾಕಿ, ಕತ್ತರಿಯ ಬಾಯಿ ತೆರೆದು, ಮೈಯೆಲ್ಲ ಬಿಗಿ ಮಾಡಿಕೊಂಡು ಬಾಗಿದಳು.

ದೀಪ ಆರಿತು. ಕತ್ತರಿ ಕಚಕ್ಕೆಂದಿತು.

ನಾನು ಓಡಿಬಂದ ರಭಸಕ್ಕೆ ದೀಪ ಹತ್ತಿದಾಗ ಅವಳು ಆ ತುಂಡನ್ನು ನೋಡುತ್ತಾ ನಿಂತಿದ್ದಳು. ತೋಳಿನ ಮಧ್ಯಕ್ಕೆ ಅಡ್ಡಲಾಗಿ ಸೀಳು ಬಿದ್ದಿತ್ತು.

"ಜೋಡಿಸೋಕೆ ಆಗಲ್ವಾ?" ಎಂದೆ.

"ಇದೇನು ರಟ್ಟಾ?" ಎಂದಳು. ಅಷ್ಟೇ. ತುಂಡನ್ನು ಮಡಚಿಟ್ಟಳು. ಆ ರಾತ್ರಿ ಅವಳು ನನ್ನ ಜೊತೆ ಮಾತಾಡಲಿಲ್ಲ. ಬಿಲ್ಲು ಉಳಿಸಲು ಹೋಗಿ ಹೆಂಡತಿಯ ಮಾತನ್ನು ಕಳೆದುಕೊಂಡೆನಲ್ಲ ಎಂದು ನಾನು ಹಾಸಿಗೆಯಲ್ಲಿ ಹೊರಳಾಡಿದೆ. ಹೊರಳಾಡಿದಾಗಲೆಲ್ಲ ದೀಪ ಹತ್ತಿತು.

ಮರುದಿನ ಅವಳು ಹಾಡುವವಳಿಗೆ ಫೋನು ಮಾಡಿ, ತೋಳಿಲ್ಲದ ಹಾಗೆ ಹೊಲಿಯಲು ಒಪ್ಪಿಸಿ, ಮತ್ತೆ ಮಷೀನಿಗೆ ಕೂತಳು. ಸಂಜೆ ಒಂದು ಕೈ ಬಟ್ಟೆಯ ಮೇಲೆ, ಒಂದು ಕೈ ಗಾಳಿಯಲ್ಲಿ. ಅವಳ ಎರಡು ಕೈಯೂ ಹೊಲಿಗೆಗೆ ಬೇಕಾದಾಗ ಕಿಟಕಿಯ ಪಕ್ಕ ನಿಂತು ಮಾವನವರು ಬೀಸುತ್ತಿದ್ದರು. ಅವರು ಸುಸ್ತಾದರೆ ಮಗಳು. ನನ್ನನ್ನು ಯಾರೂ ಕರೆಯಲಿಲ್ಲ. ಮುಖ ತೋರಿಸಲಾರದೆ ನಾನು ಸ್ನಾನಕ್ಕೆ ಹೋದೆ.

ಬಚ್ಚಲುಮನೆಯ ಸೆನ್ಸರನ್ನು ಬಾಗಿಲ ಮೇಲೆ ಹಾಕಿದ್ದೆ. ನಾನು ಪರದೆಯ ಹಿಂದೆ. ಅದಕ್ಕೆ ನಾನು ಕಾಣಿಸಲಿಲ್ಲ. ಕಣ್ಣು, ಮೂಗು, ಕಿವಿಗಳಿಗೆಲ್ಲ ಸೋಪು ಮೆತ್ತಿಕೊಂಡ ಆ ಶುಭ ಗಳಿಗೆಯಲ್ಲಿ ಗವ್ವೆನ್ನುವ ಕತ್ತಲು! ಕೈ ಬೀಸಿದೆ. ಕಾಲನ್ನೂ ಬೀಸಿದೆ. ಕಾಲು ಬಕೆಟ್ಟಿನೊಳಗೆ ಹೋಯಿತು. ಪರದೆ ಹಿಡಿದೆ, ಪರದೆ ಕಂಬಿಯ ಸಮೇತ ನನ್ನನ್ನು ಅಪ್ಪಿಕೊಂಡಿತು. ಪರದೆಯೊಳಗೇ ತೆವಳಿ ಬಾಗಿಲಿನ ಚಿಲಕ ಎಳೆದರೆ ಹಿಡಿ ಕಿತ್ತು ಕೈಗೆ ಬಂತು. ನನ್ನ ಆರ್ತನಾದ ಕೇಳಿ ಮೂವರೂ ಮನೆಯ ಹಿಂಬದಿಗೆ ಓಡಿಬಂದು ಬಚ್ಚಲಿನ ಬಾಗಿಲು ಗುದ್ದತೊಡಗಿದರು. ಮುಂದಿನ ಕೋಣೆಯಲ್ಲಿ ಯಾರೂ ಇಲ್ಲದೆ ಅಲ್ಲಿಯ ದೀಪವೂ ಆರಿತು.

ಎದುರು ಮನೆಯಲ್ಲೊಬ್ಬರು ನಿವೃತ್ತ ನರ್ಸಮ್ಮ ಇದ್ದಾರೆ. ವಾರದಿಂದ ಅವರು ನಮ್ಮ ಕಿಟಕಿಯನ್ನು ಗಮನಿಸುತ್ತಿದ್ದರಂತೆ. ದೀಪ ಆರುತ್ತದೆ, ಒಬ್ಬ ಹೆಂಗಸು ಕೈ ಬೀಸುತ್ತಾಳೆ. ದೀಪ ಆರುತ್ತದೆ, ಒಬ್ಬ ಮುದುಕ ಕೈ ಬೀಸುತ್ತಾನೆ. ಈಗ ಪೂರ್ತಿ ಕತ್ತಲು, ಒಳಗಿಂದ ಚೀರಾಟ! ಜನ ಸಿಕ್ಕಿಹಾಕಿಕೊಂಡಿದ್ದಾರೆ, ಬೇಗ ಬನ್ನಿ ಎಂದು ಅಗ್ನಿಶಾಮಕದವರಿಗೆ ಫೋನು ಮಾಡಿದರು. ಠಾಣೆ ಇರುವುದು ಪಕ್ಕದ ಬೀದಿಯಲ್ಲೇ.

ಅಗ್ನಿಶಾಮಕದವರು ಬಂದು ಬೆಲ್ಲು ಒತ್ತಿದರು. ಬೆಲ್ಲಿಗೆ ತಂತಿಯಿಲ್ಲ. ಬಾಗಿಲು ಬಡಿದರು. ಒಳಗಿನ ಗುದ್ದಾಟದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಆಗಲೇ ಹೆಂಡತಿ ಬಚ್ಚಲಿನ ಹೊರಗಿಂದ, "ರೀ, ಏನ್ರೀ ಮಾಡೋದು?" ಎಂದಳು. ನಾನು ಇದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದು ಕೂಗಿದೆ:

"ಬಾಗಿಲು ಒಡೀರೀ!"

ಅವರು ಆಜ್ಞಾಧಾರಕರು. ಒಡೆದರು, ಮುಂಬಾಗಿಲನ್ನು!

ಧಡಾರೆಂದು ಬಿದ್ದ ಬಾಗಿಲನ್ನು ತುಳಿದುಕೊಂಡು ಹೆಲ್ಮೆಟ್ಟು ಹಾಕಿದ ಐದಾರು ಜನ ಒಳನುಗ್ಗಿದರು. ಹೆಂಡತಿ ಓಡಿಹೋಗಿ ಆ ನೀಲಿ ಉಡುಪನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡಳು. ಆ ಸಂಜೆ ನಮ್ಮ ಮನೆಯಲ್ಲಿ ಬಚಾವಾದ ವಸ್ತು ಅದೊಂದೇ. ಮುಂಬಾಗಿಲಿನ ನಂತರ ಅವರು ಬಚ್ಚಲಿನ ಬಾಗಿಲನ್ನೂ ಒಡೆದರು. ಸಕಲರ ಸಮ್ಮುಖದಲ್ಲಿ, ಹೂವಿನ ಚಿತ್ರದ ಪರದೆ ಉಟ್ಟು, ಒಂದು ಕಾಲಿಗೆ ಬಕೆಟ್ಟು ತೊಟ್ಟು ನಾನು ಹೊರಬಂದೆ.

"ಬೆಂಕಿ ಎಲ್ಲಿ?" ಎಂದರು ಅವರ ಮುಖ್ಯಸ್ಥರು.

"ಇನ್ನೇನು ಹತ್ತಿಕೊಳ್ಳುತ್ತೆ," ಎಂದರು ಮಾವ, ನನ್ನ ಹೆಂಡತಿಯ ಮುಖ ನೋಡುತ್ತಾ.

ನರ್ಸಮ್ಮ ನನ್ನ ಹೆಂಡತಿಯ ಕೈ ಹಿಡಿದು, "ಹೆದರ್ಬೇಡಮ್ಮಾ, ಇವರೇನಾದ್ರೂ ಹಿಂಸೆ ಕೊಡ್ತಿದ್ರಾ?" ಎಂದು ಕೇಳಿದರು. ಹೆಂಡತಿ ನನ್ನ ಕಾಲಿನ ಬಕೆಟ್ಟಿನ ಕಡೆ ನೋಡಿದಳು. "ಕೊಡ್ತಾರೆ. ಆದ್ರೆ ಹೊಡೆಯಲ್ಲ."

ಎಲ್ಲರೂ ಹೋದರು. ಬಡಗಿಗೆ ಫೋನು ಮಾಡಿದರೆ, ನಾಳೆ ಬೆಳಿಗ್ಗೆಗೆ ಮುಂಚೆ ಸಾಧ್ಯವೇ ಇಲ್ಲ ಎಂದ. ಕದವೇ ಇಲ್ಲದ ಮನೆ, ಬೀದಿಗೆ ಬಾಯಿ ತೆರೆದುಕೊಂಡು ನಿಂತಿತ್ತು. ನಾನು ಹೊಸಿಲ ಮೇಲೆ ತಲೆಗೆ ಕೈಹೊತ್ತು ಕುಳಿತೆ. ಜೀವನದಲ್ಲಿ ನನಗೆ ಅಷ್ಟು ಕತ್ತಲು ಕಂಡದ್ದಿಲ್ಲ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಸಮಾಧಾನ ಹೇಳುತ್ತಾಳೇನೋ ಎಂದು ಮುಖವೆತ್ತಿದೆ.

"ದೀಪ ಉರೀತಿದ್ರೆ ಕಳ್ಳರು ಬರಲ್ಲ," ಎಂದಳು. "ಬೆಳಗಾಗೋವರೆಗೂ ಆರಬಾರದು. ಇಲ್ಲೇ ಕೂತು ಅಲ್ಲಾಡ್ತಾ ಇರಿ!"

ಎರಡೂ ಕೈ ಮೇಲೆತ್ತಿ ಬೀಸತೊಡಗಿದೆ. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಟ್ಯಾಕ್ಸಿಯೊಂದು ಗಕ್ಕನೆ ನಿಂತು, ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿದ.

"ಎಲ್ಲಿಗೆ ಸಾರ್?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು.

"ಎಲ್ಲಿಗಾದ್ರೂ ಸರಿ, ಕರ್ಕೊಂಡು ಹೋಗಪ್ಪಾ! ಬಾಡಿಗೆ ನಾನೇ ಕೊಡ್ತೀನಿ!"