ಅತ್ತಿಗೆಯ ಒಪ್ಪಿಗೆ ಪತ್ರ

ನಮ್ಮ ಅತ್ತಿಗೆಯ ಅನುಮತಿ ಇಲ್ಲದೆ ನಮ್ಮ ಮನೆಯಲ್ಲಿ ಯಾರೂ ಕ್ಯಾಮೆರಾ ಮುಂದೆ ಹಲ್ಲು ಬಿಡುವಂತಿಲ್ಲ. ಉತ್ಪ್ರೇಕ್ಷೆ ಅಂತೀರಾ? ಬನ್ನಿ, ಬಂದು ಬಿಟ್ಟು ನೋಡಿ!

ಅವರು ಇಲ್ಲಿ ಅಮೆರಿಕದ ಕೆರೊಲಿನಾದಲ್ಲಿ, ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಒಂದು ಕಂಪನಿಯ ಪ್ರಚಾರ ವಿಭಾಗದಲ್ಲಿದ್ದಾರೆ. ಕಂಪನಿ ಹೊರಗೆ ಬಿಡುವ ಪ್ರತಿ ಸಾಲಿಗೂ ಪುರಾವೆ ಇದೆಯೇ, ಪ್ರತಿ ಮುಖಕ್ಕೂ ಒಪ್ಪಿಗೆ ಇದೆಯೇ ಎಂದು ನೋಡುವುದು ಅವರ ಕೆಲಸ. ತಪ್ಪಿದರೆ ಕೋರ್ಟು. ಸರಿ, ಆಫೀಸಿನಲ್ಲಿ ಮಾಡಲಿ. ಆದರೆ ಈ ಮಹಾತಾಯಿ ಅದನ್ನು ಮನೆಗೂ ತಂದರಲ್ಲ!

ನಾನು ನಮ್ಮೂರ ಕನ್ನಡ ಸಂಘದ ಪ್ರಚಾರ ಕಾರ್ಯದರ್ಶಿ. ಗಣೇಶನ ಹಬ್ಬದ ಫ್ಲೈಯರ್‌ನಲ್ಲಿ 'ಇಡೀ ಕೆರೊಲಿನಾದಲ್ಲೇ ಅತ್ಯುತ್ತಮ ಬಿಸಿಬೇಳೆಬಾತ್' ಎಂದು ಬರೆದಿದ್ದೆ.

"ಇಡೀ ಕೆರೊಲಿನಾದ್ದು ತಿಂದು ನೋಡಿದ್ಯಾ?"

"ಇಲ್ಲ ಅತ್ತಿಗೆ."

"ಹಾಗಾದ್ರೆ ತೆಗಿ."

ಕೊನೆಗೆ ಅಚ್ಚಾದದ್ದು: 'ಬಿಸಿಬೇಳೆಬಾತ್ ಇರುತ್ತದೆ.' ಇದನ್ನು ಓದಿ ಯಾರಾದರೂ ಬರುತ್ತಾರೆಯೇ? (ಬಂದರು, ಪಾತ್ರೆ ಖಾಲಿಯೂ ಆಯಿತು. ಆ ಮಾತು ಬೇರೆ.)

ಹಬ್ಬದ ದಿನ ಬಾಗಿಲಲ್ಲೇ ಮೇಜು ಹಾಕಿ ಕೂತು, ಫೋಟೋಗೆ ನಿಲ್ಲುವವರಿಂದೆಲ್ಲ ಒಪ್ಪಿಗೆ ಪತ್ರ ಬರೆಸಿಕೊಂಡರು. 'ಹೌದು', 'ಬೇಡ' ಎಂದು ಎರಡು ಚೌಕ, ಕೆಳಗೆ ಸಹಿ. ನಮ್ಮಮ್ಮನನ್ನೂ ಬಿಡಲಿಲ್ಲ!

"ನಿಮ್ಮತ್ತಿಗೆ ನನ್ನ ಹೆಸರಲ್ಲಿರೋ ಸೈಟು ಬರೆಸ್ಕೋತಿದಾಳೇನೋ, ಸರಿಯಾಗಿ ಓದಿ ಹೇಳೋ!" ಎಂದು ಅಮ್ಮ ಗೊಣಗಿದಳು.

ಮರುವರ್ಷ ಅಮ್ಮನಿಗೆ ಕ್ಯಾನ್ಸರ್ ಬಂತು. ಕಿಮೋಗೆ ಕೂದಲೆಲ್ಲ ಉದುರಿತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ, ತಲೆಯ ಮೇಲಿನ ಸೆರಗು ಜಾರಿ ಅವಳು ಯಾವುದಕ್ಕೋ ನಕ್ಕಾಗ, ಫೋನಿನಲ್ಲಿ ಒಂದು ಫೋಟೋ ತೆಗೆದೆ. ಸಂಘದ ಆರೋಗ್ಯ ಶಿಬಿರದ ಫ್ಲೈಯರ್‌ಗೆ ಅದನ್ನೇ ಹಾಕಿದೆ. ಕೆಳಗೆ ಅವಳ ಮಾತೆಂದು ನಾನೇ ಬರೆದೆ: 'ನಾನು ಹೆದರಲಿಲ್ಲ, ನೀವೂ ಹೆದರಬೇಡಿ.' ಕಮಿಟಿ ಮೀಟಿಂಗಿನಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಅತ್ತಿಗೆ ಎದ್ದು ನಿಂತರು. "ಅತ್ತೆ ಸಹಿ ಎಲ್ಲಿ?"

"ಅತ್ತಿಗೆ, ಅವಳು ನನ್ನಮ್ಮ!"

"ಇರ್ಲಿ. ಅವರು ಮೈನರ್ ಅಲ್ಲ, ನೀನು ಗಾರ್ಡಿಯನ್ ಅಲ್ಲ. ಈ ಮಾತು ಅವರು ಹೇಳಿದ್ರಾ?"

ಅಧ್ಯಕ್ಷರಾದ ಡಾಕ್ಟರ್ ಅಂಕಲ್ ನಕ್ಕರು. "ಒಳ್ಳೇ ಕೆಲಸಕ್ಕೆ ತಾನೇನಮ್ಮಾ? ಇದಕ್ಕೂ ಕೇಸ್ ಹಾಕ್ತೀಯಾ?"

"ಹಾಕ್ತೀನಿ ಅಂಕಲ್. ಅತ್ತೆಗೆ ಲಾಯರನ್ನ ನಾನೇ ಹುಡುಕ್ತೀನಿ. ಪ್ರಿಂಟ್ ಮಾಡಿ, ನೋಡೇ ಬಿಡೋಣ!"

ಪ್ರಿಂಟ್ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ನನಗಂತೂ ಮೈಯೆಲ್ಲ ಉರಿದುಹೋಯಿತು. ಒಂದು ಸಹಿ ತಾನೇ? ಅತ್ತಿಗೆಯ ಕೈಯಿಂದ ಒಪ್ಪಿಗೆ ಪತ್ರದ ಫಾರಂ ಕಿತ್ತುಕೊಂಡು ಮನೆಗೆ ಬಂದು, ಫ್ಲೈಯರ್ ಜೊತೆಗೆ ಅಮ್ಮನ ಮುಂದಿಟ್ಟೆ. ಅತ್ತಿಗೆಯೂ ನನ್ನ ಹಿಂದೆಯೇ ಡ್ರೈವ್ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತರು.

ಅಮ್ಮ ಫೋಟೋ ನೋಡಿದಳು. ಸೆರಗನ್ನು ಹಣೆಯವರೆಗೂ ಎಳೆದುಕೊಂಡಳು. ಆಮೇಲೆ 'ಬೇಡ' ಎಂಬ ಚೌಕದಲ್ಲಿ ಗುರುತು ಹಾಕಿ, ಅದರ ಮೇಲೆ ಇನ್ನೊಂದು ಸಲ ಒತ್ತಿ ಹಾಕಿದಳು.

"ಹೆದರಲಿಲ್ಲ ಅಂತ ನಿಂಗ್ಯಾರೋ ಹೇಳಿದ್ದು? ದಿನಾ ಹೆದರ್ಕೊಂಡೇ ಏಳ್ತೀನಿ ಕಣೋ. ಯಾರಾದ್ರೂ ಕೇಳಿದ್ರೆ ತಾನೇ ಹೇಳೋದು?"

ಅತ್ತಿಗೆ ಒಳಗೆ ಬಂದು ಅಮ್ಮನ ಪಕ್ಕದಲ್ಲಿ ಕೂತರು.

"ಅತ್ತೆ, ಕೈ ಹಿಡ್ಕೊಳ್ಲಾ?"

ಅದಕ್ಕೂ ಒಪ್ಪಿಗೆ ಕೇಳಬೇಕೇ ಈ ಹೆಂಗಸು! ಅಮ್ಮ ಎರಡೂ ಕೈ ಚಾಚಿದಳು.